ಒಂಟಿಯಾದಾಗ ಕಂಗೆಡುವ ನಾಯಿ: ಕಾರಣಗಳು ಮತ್ತು ಉಪಚಾರ

ಮೆಣಸಿನಕಾಯಿ ಕಣದ ಕಾವಲಿನಿಂದ ಹಿಡಿದು ಕುರಿಹಟ್ಟಿಯ ಕಾವಲಿನವರೆಗೆ ಬಳ್ಳಾರಿ ಸೀಮೆಯ ರೈತನಿಗೆ ನಾಯಿಯಷ್ಟು ಕಡಿಮೆ ಖರ್ಚಿನ, ನಂಬಿಗಸ್ತ ಕಾವಲುಗಾರ ಇನ್ನೊಬ್ಬನಿಲ್ಲ. ನಾಯಿಯ ನಿಷ್ಠೆಗೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಕಲ್ಲಿನ ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ಶಾಸನವು ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಮಡಿದುದನ್ನು ತಿಳಿಸುತ್ತದೆ. ಅದರ ಒಡೆಯ ಮಣಲೇರನು ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದನು.

ಮನುಷ್ಯನನ್ನು ಇಷ್ಟೊಂದು ಹಚ್ಚಿಕೊಳ್ಳುವ ಪ್ರಾಣಿಗೆ ಆ ನಂಟೇ ಕೆಲವೊಮ್ಮೆ ಸಂಕಟವನ್ನು ತರುತ್ತದೆ. ಮನೆಯವರು ಹೊರಗೆ ಹೋದ ಕೂಡಲೇ ಕೆಲವು ನಾಯಿಗಳು ಎಡೆಬಿಡದೆ ಊಳಿಡುತ್ತವೆ, ಬಾಗಿಲನ್ನು ಕೆರೆಯುತ್ತವೆ, ಹಗ್ಗ ಕಡಿದುಕೊಂಡು ಓಡಿಹೋಗುತ್ತವೆ. ಇದನ್ನು ಬಹಳ ಮಂದಿ ಪುಂಡತನವೆಂದೋ ಹಟವೆಂದೋ ತಿಳಿದು ಹೊಡೆಯುತ್ತಾರೆ. ಹೊಡೆತಕ್ಕೆ ಬಗ್ಗದಿದ್ದರೆ ಊರಾಚೆ ಒಯ್ದು ಬಿಟ್ಟು ಬರುವುದೂ ಉಂಟು. ಆದರೆ ಇದು ಪುಂಡತನವಲ್ಲ, ಭಯ. ಪಶುವೈದ್ಯರು ಇದನ್ನು ಅಗಲಿಕೆಯ ಆತಂಕವೆಂದು ಕರೆಯುತ್ತಾರೆ. ತಾಳ್ಮೆಯಿಂದ ಅಭ್ಯಾಸ ಮಾಡಿಸಿದರೆ ಹೆಚ್ಚಿನ ನಾಯಿಗಳಲ್ಲಿ ಇದನ್ನು ಕಡಿಮೆ ಮಾಡಬಹುದು.

ಈ ತೊಂದರೆ ಎಲ್ಲಿ ಕಾಣುತ್ತದೆ?

ಹಿಂದಿನ ಬೇಸಾಯದ ಮನೆಗಳಲ್ಲಿ ನಾಯಿಯು ಒಂಟಿಯಾಗಿರುವ ಸಂದರ್ಭ ಬಹಳ ಕಡಿಮೆಯಿತ್ತು. ಮನೆಯಲ್ಲಿ ಮುದುಕರು, ಮಕ್ಕಳು, ಕೊಟ್ಟಿಗೆಯಲ್ಲಿ ದನಕರುಗಳು ಯಾವಾಗಲೂ ಇರುತ್ತಿದ್ದವು. ಇಂದಿಗೂ ಕುರಿಗಾರರ ನಾಯಿಯು ಹಗಲು ಮಂದೆಯೊಡನೆ ನಡೆದು, ರಾತ್ರಿ ಹಟ್ಟಿಯ ಪಕ್ಕದಲ್ಲಿ ಮಲಗುತ್ತದೆ. ತೋಳದ ಕಾಟವಿರುವಲ್ಲಿ ಅದಕ್ಕೆ ಬಿಡುವಿಲ್ಲದ ಕೆಲಸವಿರುತ್ತದೆ. ಇಂತಹ ನಾಯಿಗಳಲ್ಲಿ ಅಗಲಿಕೆಯ ಆತಂಕ ಬೆಳೆಯಲು ಆಸ್ಪದ ಕಡಿಮೆ. ಬದುಕಿನ ರೀತಿ ಬದಲಾದಲ್ಲಿ ಮಾತ್ರ ತೊಂದರೆ ತಲೆದೋರುತ್ತದೆ. ಈ ಭಾಗದಲ್ಲಿ ಮುಖ್ಯವಾಗಿ ಮೂರು ಸಂದರ್ಭಗಳನ್ನು ಗಮನಿಸಬಹುದು.

ಮೊದಲನೆಯದು, ಸಿರುಗುಪ್ಪದ ಕಡೆಯ ಭತ್ತದ ಸೀಮೆ. ತುಂಗಭದ್ರಾ ಕಾಲುವೆಯ ನೀರಿನ ಈ ಪ್ರದೇಶದಲ್ಲಿ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಮನೆಮಂದಿಯೆಲ್ಲ ನಸುಕಿನಲ್ಲೇ ಗದ್ದೆಗೆ ಹೋಗುತ್ತಾರೆ. ವರ್ಷದ ಉಳಿದ ದಿನ ಜನರ ನಡುವೆ ಇದ್ದ ನಾಯಿಯು ಆ ದಿನಗಳಲ್ಲಿ ಇದ್ದಕ್ಕಿದ್ದಂತೆ ಹತ್ತು ಗಂಟೆಗಳ ಕಾಲ ಕಂಬಕ್ಕೆ ಬಿಗಿದ ಹಗ್ಗದಲ್ಲಿ ಒಂಟಿಯಾಗುತ್ತದೆ.

ಎರಡನೆಯದು, ಕುರುಗೋಡಿನ ಸುತ್ತಲಿನ ಮೆಣಸಿನಕಾಯಿ ಹೊಲಗಳು. ಹಣ್ಣು ಬಿಡಿಸಿ ಕಣದಲ್ಲಿ ಒಣಹಾಕಿದ ದಿನಗಳಲ್ಲಿ ಕಳ್ಳರ ಕಾವಲಿಗಾಗಿ ಹೊಲದ ಗುಡಿಸಲಿನಲ್ಲಿಯೇ ಜನ ಮಲಗುತ್ತಾರೆ. ನಾಯಿಯು ಹಗಲಿರುಳು ಅವರೊಡನಿರುತ್ತದೆ. ಮಾಲು ಚೀಲ ತುಂಬಿ ಬ್ಯಾಡಗಿಯ ಪೇಟೆಗೆ ಹೋದ ಮೇಲೆ ಗುಡಿಸಲು ಬರಿದಾಗುತ್ತದೆ. ನಾಯಿಯನ್ನು ಅಲ್ಲಿಯೇ ಬಿಟ್ಟು, ದಿನಕ್ಕೊಮ್ಮೆ ರೊಟ್ಟಿ ಹಾಕಿ ಬರುವುದರಿಂದ ಅದಕ್ಕೆ ಹೊಟ್ಟೆ ತುಂಬಬಹುದು, ಸಂಕಟ ತೀರುವುದಿಲ್ಲ.

ಮೂರನೆಯದು, ಬಳ್ಳಾರಿ ನಗರದ ಬಾಡಿಗೆ ಮನೆ. ಮಕ್ಕಳ ಓದಿಗಾಗಿ ಹಳ್ಳಿಯಿಂದ ಬಂದ ಕುಟುಂಬವು ನಾಯಿಯನ್ನೂ ಜೊತೆಗೆ ಕರೆತರುತ್ತದೆ. ಬೆಳಿಗ್ಗೆ ಮಕ್ಕಳು ಶಾಲೆಗೆ, ಹಿರಿಯರು ಕೆಲಸಕ್ಕೆ. ಬಯಲಿನಲ್ಲಿ ಬೆಳೆದ ನಾಯಿಗೆ ಉಳಿಯುವುದು ಬೀಗ ಹಾಕಿದ ಒಂದು ಕೋಣೆ. ಅದರ ಕೂಗಿನಿಂದ ನೆರೆಯವರೊಡನೆ ಜಗಳ, ಮನೆಯೊಡೆಯನ ತಕರಾರು, ಕೊನೆಗೆ ಒಂದು ರಾತ್ರಿ ನಾಯಿಯನ್ನು ಬೀದಿಪಾಲು ಮಾಡುವ ಯೋಚನೆ. ಹೀಗೆ ಬಿಟ್ಟ ನಾಯಿಯು ವಾಹನಕ್ಕೆ ಸಿಲುಕಬಹುದು ಅಥವಾ ಬೀದಿನಾಯಿಗಳ ಗುಂಪಿಗೆ ಸೇರಬಹುದು. ಲಸಿಕೆಯ ಅವಧಿ ಮುಗಿದ ಮೇಲೆ ಅದು ಊರಿಗೇ ಅಪಾಯ.

ಲಕ್ಷಣಗಳು

ಅಗಲಿಕೆಯ ಆತಂಕವಿರುವ ನಾಯಿಯಲ್ಲಿ ಈ ಕೆಳಗಿನ ಲಕ್ಷಣಗಳಲ್ಲಿ ಕೆಲವು ಅಥವಾ ಎಲ್ಲವೂ ಕಂಡುಬರುತ್ತವೆ.

1. ಮನೆಯವರು ಚಪ್ಪಲಿ ಮೆಟ್ಟುವಾಗ, ಬುತ್ತಿ ಕಟ್ಟುವಾಗ, ಬೀಗದ ಕೈ ತೆಗೆದುಕೊಳ್ಳುವಾಗಲೇ ನಾಯಿಯು ನಡುಗುವುದು, ತೇಕುವುದು, ಕಾಲಿಗೆ ಸುತ್ತಿಕೊಳ್ಳುವುದು.
2. ಎಲ್ಲರೂ ಹೋದ ಅರ್ಧ ಗಂಟೆಯೊಳಗೆ ಊಳಿಡಲು, ಕುಂಯ್‌ಗುಡಲು ಅಥವಾ ಒಂದೇ ಸಮನೆ ಬೊಗಳಲು ತೊಡಗುವುದು.
3. ಬಾಗಿಲು, ಕಿಟಕಿ, ತಡಿಕೆಗಳನ್ನು ಕೆರೆಯುವುದು ಮತ್ತು ಕಡಿಯುವುದು. ಇದರಿಂದ ಉಗುರು ಕಿತ್ತು, ಹಲ್ಲು ಮುರಿದು ರಕ್ತ ಬರುವುದೂ ಉಂಟು.
4. ಹೊರಗೆ ಮಲಮೂತ್ರ ಮಾಡುವ ರೂಢಿಯಿದ್ದರೂ ಒಂಟಿಯಾದಾಗ ಒಳಗೇ ಮಾಡಿಕೊಳ್ಳುವುದು.
5. ಜೊಲ್ಲು ಸುರಿಸುವುದು, ಒಂದೇ ಜಾಗದಲ್ಲಿ ಅತ್ತಿಂದಿತ್ತ ತಿರುಗುವುದು.
6. ಎದುರಿಗೆ ರೊಟ್ಟಿ, ಅನ್ನ ಇದ್ದರೂ ಮನೆಯವರು ಬರುವವರೆಗೆ ಮುಟ್ಟದಿರುವುದು.
7. ಹಿಂದಿರುಗಿದಾಗ ಮಿತಿಮೀರಿ ಹಾರಾಡುವುದು, ಬಹಳ ಹೊತ್ತು ಸಮಾಧಾನಕ್ಕೆ ಬಾರದಿರುವುದು.

ಮನೆಯವರು ಇಲ್ಲದಾಗ ಮಾತ್ರ ಈ ಲಕ್ಷಣಗಳು ಕಾಣುವುದರಿಂದ ಅವನ್ನು ನೋಡುವುದು ಕಷ್ಟ. ಆದುದರಿಂದ ಹೊರಡುವ ಮುನ್ನ ಮೊಬೈಲ್ ಫೋನನ್ನು ನಾಯಿಗೆ ಎಟುಕದ ಗೂಡಿನಲ್ಲಿಟ್ಟು, ಮೊದಲ ಅರ್ಧ ಗಂಟೆಯ ಚಿತ್ರ ಹಿಡಿಯಬೇಕು. ನಾಯಿಯು ಎರಡು ನಿಮಿಷ ಕೂಗಿ ಮಲಗಿಬಿಟ್ಟರೆ ಆತಂಕ ಅಷ್ಟಾಗಿಲ್ಲವೆಂದು ತಿಳಿಯಬಹುದು. ಒಂದೇ ಸಮನೆ ತಿರುಗಾಡುತ್ತ, ತೇಕುತ್ತ, ಬಾಗಿಲನ್ನೇ ನೋಡುತ್ತಿದ್ದರೆ ಉಪಚಾರ ಅವಶ್ಯಕ. ಈ ಚಿತ್ರವನ್ನು ಪಶುವೈದ್ಯರಿಗೆ ತೋರಿಸಿದರೆ ಅವರಿಗೂ ಕಾಯಿಲೆಯನ್ನು ಗುರುತಿಸಲು ಅನುಕೂಲವಾಗುತ್ತದೆ.

ಬೇರೆ ಕಾಯಿಲೆಗಳೊಡನೆ ತಪ್ಪಾಗಿ ತಿಳಿಯಬಾರದು

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಹುಚ್ಚುನಾಯಿ ರೋಗದ ಬಗ್ಗೆ. ಜೊಲ್ಲು ಸುರಿಸುವುದು, ಕಂಡದ್ದನ್ನು ಕಡಿಯುವುದು, ಚಡಪಡಿಕೆ ಇವು ರೇಬೀಸಿನಲ್ಲೂ ಇರುತ್ತವೆ. ವ್ಯತ್ಯಾಸವೆಂದರೆ, ಅಗಲಿಕೆಯ ಆತಂಕವಿರುವ ನಾಯಿಯು ಮನೆಯವರು ಬಂದ ಮೇಲೆ ಮೊದಲಿನಂತಾಗುತ್ತದೆ; ಉಣ್ಣುತ್ತದೆ, ಕುಡಿಯುತ್ತದೆ, ಹೆಸರು ಕರೆದರೆ ಬರುತ್ತದೆ. ರೇಬೀಸ್ ತಗಲಿದ ನಾಯಿಯ ನಡತೆಯು ಜನರಿದ್ದರೂ ಇಲ್ಲದಿದ್ದರೂ ಕೆಟ್ಟೇ ಇರುತ್ತದೆ ಮತ್ತು ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಧ್ವನಿ ಬದಲಾಗುತ್ತದೆ, ದವಡೆ ಜೋತುಬೀಳುತ್ತದೆ, ನಡಿಗೆ ತೂರಾಡುತ್ತದೆ. ಲಕ್ಷಣಗಳು ಕಂಡ ಮೇಲೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ನಾಯಿಯು ಸಾಯುತ್ತದೆ.

ಸಂಶಯ ಬಂದಲ್ಲಿ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಕೂಡದು. ದೂರದಿಂದ ಬಾಗಿಲು ಮುಚ್ಚಿ ಪಶುವೈದ್ಯರಿಗೆ ತಿಳಿಸಬೇಕು. ಯಾರಿಗಾದರೂ ನಾಯಿ ಕಚ್ಚಿದ್ದರೆ, ಪರಚಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಗಲಿದ್ದರೆ ಆ ಜಾಗವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಸುಣ್ಣ, ಖಾರ, ಅರಿಶಿನ ಹಚ್ಚಬಾರದು.

ಇನ್ನು ಕೆಲವು ಕಾರಣಗಳನ್ನೂ ಗಮನಿಸಬೇಕು. ಮುದಿ ನಾಯಿಯು ರಾತ್ರಿ ಹೊತ್ತು ಕಾರಣವಿಲ್ಲದೆ ಕೂಗುವುದು ಕಣ್ಣು, ಕಿವಿ ಅಥವಾ ಮಿದುಳಿನ ಶಕ್ತಿ ಕುಂದಿದುದರಿಂದ ಇರಬಹುದು. ಪದೇ ಪದೇ ಮೂತ್ರ ಮಾಡುವುದು ಮೂತ್ರಕೋಶದ ಸೋಂಕಿನಿಂದಲೂ ಆಗುತ್ತದೆ. ಪಟಾಕಿಗೆ ಅಥವಾ ಗುಡುಗಿಗೆ ಅಂಜುವ ನಾಯಿಯು ಮನೆಯವರು ಇದ್ದರೂ ಅಂಜುತ್ತದೆ. ಬೇಸಗೆಯಲ್ಲಿ ಬಳ್ಳಾರಿಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ದಿನಗಳಲ್ಲಿ ತಗಡಿನ ಕೋಣೆಯಲ್ಲಿ ಕೂಡಿಹಾಕಿದ ನಾಯಿ ತೇಕುತ್ತಿದ್ದರೆ ಅದು ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ತಂದು, ಮೈಮೇಲೆ ನೀರು ಹಾಕಿ, ಗಾಳಿ ಆಡುವಂತೆ ಮಾಡಿ ವೈದ್ಯರಲ್ಲಿಗೆ ಒಯ್ಯದಿದ್ದರೆ ಪ್ರಾಣಕ್ಕೆ ಎರವಾಗುತ್ತದೆ.

ಕಾರಣಗಳು

ನಾಯಿಯು ಗುಂಪಿನಲ್ಲಿ ಬಾಳುವ ಪ್ರಾಣಿ. ಅದರ ಗುಂಪೆಂದರೆ ಸಾಕಿದ ಮನೆ. ಒಂಟಿಯಾಗಿರುವುದನ್ನು ಅದು ಹುಟ್ಟುತ್ತ ಕಲಿತಿರುವುದಿಲ್ಲ, ಕಲಿಸಬೇಕಾಗುತ್ತದೆ. ಕಲಿಸದೆ ಒಮ್ಮೆಲೇ ಒಂಟಿಯಾಗಿ ಬಿಟ್ಟಾಗ, ಹೋದವರು ತಿರುಗಿ ಬರುತ್ತಾರೆಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಮನೆ ಬದಲಾಗುವುದು, ಒಡೆಯ ಬದಲಾಗುವುದು, ಮನೆಯ ಹಿರಿಯರು ತೀರಿಕೊಳ್ಳುವುದು, ಹೆಣ್ಣುಮಗಳು ಮದುವೆಯಾಗಿ ಹೋಗುವುದು, ದುಡಿಯುವವರು ಗುಳೆ ಹೋಗುವುದು ಇವೆಲ್ಲ ತೊಂದರೆ ಶುರುವಾಗುವ ಸಮಯಗಳು. 2020ರ ಕೊರೋನಾ ಕಾಲದಲ್ಲಿ ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಮನೆಯಲ್ಲಿಯೇ ಇದ್ದಾಗ ಬೆಳೆದ ಮರಿಗಳಿಗೆ, ಶಾಲೆ ಮತ್ತು ಕೆಲಸಗಳು ಮತ್ತೆ ತೆರೆದಾಗ ಇಂತಹುದೇ ಕಷ್ಟ ಒದಗಿತು. ತೀರ ಎಳೆಯದರಲ್ಲಿ ತಾಯಿಯಿಂದ ಅಗಲಿಸಿದ ಮರಿಗಳಲ್ಲಿಯೂ ಭಯದ ಸ್ವಭಾವ ಬೆಳೆಯಬಹುದು.

ಹೊಡೆತದಿಂದ ಏಕೆ ಗುಣವಾಗದು?

ಸಂಜೆ ಮನೆಗೆ ಬಂದು, ಕೆರೆದ ಬಾಗಿಲನ್ನು ನೋಡಿ ನಾಯಿಯನ್ನು ಹೊಡೆದರೆ, ಬೆಳಿಗ್ಗೆ ಮಾಡಿದ ಕೆಲಸಕ್ಕೆ ಈಗ ಏಟು ಬಿತ್ತೆಂದು ಅದು ಅರಿಯಲಾರದು. ಒಡೆಯ ಬಂದಾಗ ಏಟು ಬೀಳುತ್ತದೆಂಬುದನ್ನು ಮಾತ್ರ ಕಲಿಯುತ್ತದೆ. ಹೋಗುವಾಗಲೂ ಭಯ, ಬರುವಾಗಲೂ ಭಯ ಎಂದಾಗಿ ರೋಗ ಇಮ್ಮಡಿಸುತ್ತದೆ.

“ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ” ಎನ್ನುವವರಿದ್ದಾರೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಈ ಬಗ್ಗೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ತಿನ್ನಬೇಡವೆಂದು ಹೇಳಿ ಇಟ್ಟ ತಿಂಡಿಯನ್ನು ನಾಯಿ ತಿಂದಿರಲಿ, ತಿನ್ನದಿರಲಿ, ಒಡೆಯ ಗದರಿಸಿದಾಗ ಅದು ಕಿವಿ ಇಳಿಸಿ ಮುದುರಿಕೊಳ್ಳುವುದು ಕಂಡುಬಂದಿತು. ಅಂದರೆ ಆ ಮುಖ ತಪ್ಪಿನ ಅರಿವಿನದಲ್ಲ, ಗದರಿಕೆಯ ಅಂಜಿಕೆಯದು.

ಬಿಗಿಯಾಗಿ ಕಟ್ಟುವುದೂ ಪರಿಹಾರವಲ್ಲ. ಕಂಗೆಟ್ಟ ನಾಯಿಯು ಸರಪಳಿಯನ್ನು ಕಂಬಕ್ಕೆ ಸುತ್ತಿಕೊಂಡು ಉರುಲು ಬೀಳುವ ಅಪಾಯವಿದೆ. ನಾಯಿಯನ್ನು ಅಡ್ಡಾಡಿಸದೆ ಸದಾ ಕಟ್ಟಿಹಾಕುವುದು ಮತ್ತು ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಉಪಚಾರದ ಕ್ರಮ

ಈ ಉಪಚಾರಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆಯ ಸಮಯ ಮತ್ತು ಕೆಲವು ವಾರಗಳ ತಾಳ್ಮೆ ಬೇಕು. ಕ್ರಮವನ್ನು ಕೆಳಗೆ ಕೊಡಲಾಗಿದೆ.

ಜಾಗ: ನಾಯಿಗೆ ಒಂದು ನಿಶ್ಚಿತ ಜಾಗವಿರಬೇಕು. ಹಳ್ಳಿಯ ಮನೆಯಲ್ಲಿ ಪಡಸಾಲೆಯ ಮೂಲೆ ಅಥವಾ ಹಿತ್ತಲಿನ ನೆರಳು, ನಗರದ ಮನೆಯಲ್ಲಿ ಗಾಳಿಯಾಡುವ ಕೋಣೆ ಸೂಕ್ತ. ಮನೆಯವರು ಇರುವಾಗಲೇ ಗೋಣಿಚೀಲ ಹಾಸಿ, ಅಲ್ಲಿಯೇ ಊಟ ಹಾಕಿ, ಅಲ್ಲಿಯೇ ಮಲಗುವುದನ್ನು ರೂಢಿ ಮಾಡಿಸಬೇಕು. ಮನೆಯವರು ಉಟ್ಟ ಹಳೆಯ ಬಟ್ಟೆಯೊಂದು ಹಾಸಿಗೆಯ ಮೇಲಿದ್ದರೆ ಆ ವಾಸನೆಯು ಕೆಲವು ನಾಯಿಗಳಿಗೆ ಸಮಾಧಾನ ಕೊಡುತ್ತದೆ. ಬಟ್ಟೆ ನುಂಗುವ ಚಾಳಿಯಿದ್ದರೆ ಹಾಕಬಾರದು. ಉರುಳದಂತಹ ಕಲ್ಲಿನ ಬಾನಿಯಲ್ಲಿ ಯಾವಾಗಲೂ ತಣ್ಣನೆಯ ನೀರಿರಬೇಕು.

ನಡೆದಾಟ ಮತ್ತು ಆಹಾರ: ಹೊರಡುವ ಮೊದಲು ನಾಯಿಯನ್ನು ಅರ್ಧ ಗಂಟೆ ಅಡ್ಡಾಡಿಸಿ, ಮಲಮೂತ್ರ ಮಾಡಿಸಿ, ಮೂಸಲು ಬಿಡಬೇಕು. ದಣಿದ ನಾಯಿಗೆ ನಿದ್ದೆ ಬೇಗ ಬರುತ್ತದೆ. ಬೇಸಗೆಯಲ್ಲಿ ಇದನ್ನು ಸೂರ್ಯ ಹುಟ್ಟುವ ಹೊತ್ತಿಗೇ ಮುಗಿಸಬೇಕು. ಊಟವನ್ನು ಒಮ್ಮೆಲೇ ಹಾಕದೆ, ಹುಡುಕಿ ತಿನ್ನುವಂತೆ ಇಡುವುದು ಒಳ್ಳೆಯದು. ಅಗಲವಾದ ತಟ್ಟೆಯಲ್ಲಿ ನುಂಗಲಾಗದಷ್ಟು ದೊಡ್ಡ ಗುಂಡುಕಲ್ಲುಗಳನ್ನು ತೊಳೆದಿಟ್ಟು, ಅವುಗಳ ನಡುವೆ ಜೋಳದ ರೊಟ್ಟಿಯ ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಸಿ ಹಾಕಿದರೆ ನಾಯಿಯು ಬಹಳ ಹೊತ್ತು ಅದರಲ್ಲಿ ಮಗ್ನವಾಗುತ್ತದೆ. ಈರುಳ್ಳಿ ಹಾಕಿದ ಪಲ್ಯ, ಸಾರು ಕೊಡಕೂಡದು. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಒಡೆದು ಕರುಳನ್ನು ಚುಚ್ಚುವುದರಿಂದ ಅದನ್ನೂ ಹಾಕಬಾರದು.

ಹೊರಡುವ ಸೂಚನೆಗಳು: ರಷ್ಯಾದ ವಿಜ್ಞಾನಿ ಪಾವ್ಲೊವ್ ಅವರು ಊಟ ತರುವವರ ಹೆಜ್ಜೆಯ ಸಪ್ಪಳಕ್ಕೇ ನಾಯಿಗಳು ಜೊಲ್ಲು ಸುರಿಸುವುದನ್ನು ಗಮನಿಸಿ, ಒಂದು ಸೂಚನೆಯು ಇನ್ನೊಂದು ಘಟನೆಯೊಡನೆ ಹೇಗೆ ಗಂಟುಬೀಳುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಬೀಗದ ಕೈಯ ಸದ್ದು, ಬುತ್ತಿಯ ಗಂಟು, ಮೋಟಾರ್ ಸೈಕಲ್ ಶಬ್ದ ಇವು ನಾಯಿಗೆ “ಇನ್ನು ಒಂಟಿ” ಎಂಬ ಸೂಚನೆಗಳಾಗಿಬಿಟ್ಟಿರುತ್ತವೆ. ಈ ಗಂಟನ್ನು ಬಿಚ್ಚಬೇಕು. ದಿನಕ್ಕೆ ಹಲವು ಸಲ ಬೀಗದ ಕೈ ತೆಗೆದುಕೊಂಡು, ಎಲ್ಲಿಗೂ ಹೋಗದೆ ಕುಳಿತುಕೊಳ್ಳಬೇಕು. ಚಪ್ಪಲಿ ಮೆಟ್ಟಿ ಅಂಗಳದಲ್ಲೇ ಅಡ್ಡಾಡಿ ಬರಬೇಕು. ಗಾಡಿ ಶುರು ಮಾಡಿ ಮತ್ತೆ ನಿಲ್ಲಿಸಬೇಕು. ಕೆಲವು ದಿನಗಳಲ್ಲಿ ನಾಯಿಯು ಈ ಸದ್ದುಗಳಿಗೆ ತಲೆ ಎತ್ತುವುದನ್ನೂ ಬಿಡುತ್ತದೆ.

ಸ್ವಲ್ಪ ಸ್ವಲ್ಪವಾಗಿ ಒಂಟಿತನದ ಅಭ್ಯಾಸ: ಇದೇ ಉಪಚಾರದ ತಿರುಳು. ನಾಯಿಯು ಅಂಜಲು ಶುರುಮಾಡುವ ಮೊದಲೇ ಹಿಂದಿರುಗಿ ಬರುವುದು ಇದರ ಸೂತ್ರ.

ಮೊದಲನೆಯ ಹಂತ: ಬಾಗಿಲಿನವರೆಗೆ ಹೋಗಿ ಹಿಂದಿರುಗುವುದು.
ಎರಡನೆಯ ಹಂತ: ಬಾಗಿಲು ತೆರೆದು, ಹೊರಗೆ ಹೆಜ್ಜೆಯಿಟ್ಟು, ಕೂಡಲೇ ಒಳಗೆ ಬರುವುದು.
ಮೂರನೆಯ ಹಂತ: ಬಾಗಿಲು ಮುಚ್ಚಿ ಐದರಿಂದ ಹತ್ತು ಸೆಕೆಂಡು ಹೊರಗಿದ್ದು ಬರುವುದು.
ನಾಲ್ಕನೆಯ ಹಂತ: ಅರ್ಧ ನಿಮಿಷ, ಒಂದು ನಿಮಿಷ, ಎರಡು ನಿಮಿಷ ಹೀಗೆ ಹೆಚ್ಚಿಸುವುದು.
ಐದನೆಯ ಹಂತ: ಐದು, ಹತ್ತು, ಇಪ್ಪತ್ತು, ಮೂವತ್ತು ನಿಮಿಷ.

ಪ್ರತಿ ಹಂತದಲ್ಲಿಯೂ ನಾಯಿಯು ಶಾಂತವಾಗಿದ್ದರೆ ಮಾತ್ರ ಮುಂದಿನದಕ್ಕೆ ಹೋಗಬೇಕು. ಹತ್ತು ನಿಮಿಷಕ್ಕೆ ಕೂಗಿದರೆ ಐದಕ್ಕೆ ಹಿಂದಿರುಗಬೇಕು. ದಿನದಿನಕ್ಕೆ ಹೆಚ್ಚಿಸುತ್ತಲೇ ಹೋಗದೆ, ನಡುನಡುವೆ ಕಡಿಮೆ ಹೊತ್ತಿನ ಅಗಲಿಕೆಯನ್ನೂ ಇಡುವುದು ಉತ್ತಮ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ನಿಶ್ಚಿಂತೆಯಿಂದ ಇರಲು ಕಲಿತ ನಾಯಿಗೆ ಮುಂದಿನ ಗಂಟೆಗಳು ಸುಲಭವಾಗುತ್ತವೆ.

ಹೋಗುವಾಗ ಮುದ್ದು ಮಾಡಿ ಬೀಳ್ಕೊಡುವುದು, ಬಂದಾಗ ಎತ್ತಿ ಕುಣಿಸುವುದು ಬೇಡ. ಎರಡನ್ನೂ ಸಾಮಾನ್ಯ ಕೆಲಸದಂತೆ ಸದ್ದಿಲ್ಲದೆ ಮಾಡಬೇಕು. ಬಂದ ಮೇಲೆ ನಾಯಿ ನೆಲಕ್ಕೆ ನಾಲ್ಕು ಕಾಲೂರಿ ಸಮಾಧಾನಗೊಂಡಾಗ ಮೈದಡವಿ ಮಾತಾಡಿಸಬಹುದು. ಹಾಗೆಂದು ನಾಯಿಯನ್ನು ದಿನವಿಡೀ ದೂರವಿಡಬೇಕೆಂದಲ್ಲ. ಪ್ರೀತಿ ತೋರಿಸುವುದರಿಂದ ಈ ರೋಗ ಬರುವುದಿಲ್ಲ.

ಅಭ್ಯಾಸದ ದಿನಗಳಲ್ಲಿ ಕೆಲಸಕ್ಕೆ ಹೋಗಬೇಕಾದರೆ?

ಎರಡು ನಿಮಿಷದ ಅಭ್ಯಾಸ ನಡೆಯುತ್ತಿರುವಾಗ ಒಂದು ದಿನ ಹತ್ತು ಗಂಟೆ ಒಂಟಿಯಾಗಿ ಬಿಟ್ಟರೆ ಕಲಿತುದೆಲ್ಲ ನೀರುಪಾಲಾಗುತ್ತದೆ. ರೈತ ಕುಟುಂಬಕ್ಕೆ ಇದೇ ದೊಡ್ಡ ಅಡಚಣೆ. ಆದುದರಿಂದ ಅಭ್ಯಾಸವನ್ನು ಕೊಯ್ಲಿನ ನಡುವೆ ಆರಂಭಿಸದೆ, ಅದಕ್ಕೆ ಆರು ವಾರಗಳಿಗೂ ಮುಂಚಿತವಾಗಿ, ಕೆಲಸ ಕಡಿಮೆಯಿರುವ ದಿನಗಳಲ್ಲಿ ಆರಂಭಿಸಬೇಕು. ಆ ಅವಧಿಯಲ್ಲಿ ಎಲ್ಲರೂ ಹೊರಗೆ ಹೋಗಲೇಬೇಕಾದ ದಿನ ಮೂರು ದಾರಿಗಳಿವೆ. ನಾಯಿಯನ್ನು ಗದ್ದೆಗೇ ಕರೆದೊಯ್ದು ನೆರಳಿನಲ್ಲಿಡಬಹುದು; ಆದರೆ ಕೊಯ್ಲು ಯಂತ್ರ ಓಡಾಡುವ ಗದ್ದೆಗೂ, ಔಷಧಿ ಸಿಂಪಡಿಸಿದ ಹೊಲಕ್ಕೂ ಒಯ್ಯಕೂಡದು. ನಾಯಿಗೆ ಪರಿಚಯವಿರುವ ನೆರೆಮನೆಯ ಅಜ್ಜ-ಅಜ್ಜಿಯರ ಬಳಿ ಬಿಡಬಹುದು. ಇಲ್ಲವೇ ಮನೆಯವರಲ್ಲಿ ಒಬ್ಬರು ಸರದಿಯಂತೆ ಮಧ್ಯಾಹ್ನ ಬಂದು ಹೋಗಬಹುದು. ನಗರದಲ್ಲಿರುವವರು ನೆರೆಯವರಿಗೆ ವಿಷಯವನ್ನು ತಿಳಿಸಿ, “ನಾಯಿಗೆ ಅಭ್ಯಾಸ ಮಾಡಿಸುತ್ತಿದ್ದೇವೆ, ಸ್ವಲ್ಪ ದಿನ ಸಹಿಸಿಕೊಳ್ಳಿ” ಎಂದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಜೊತೆಗೆ ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆಂಬ ನಂಬಿಕೆಯಿದೆ. ಕೆಲವೊಮ್ಮೆ ಇದರಿಂದ ಪ್ರಯೋಜನವಾದರೂ, ಬಹುತೇಕ ನಾಯಿಗಳು ಹಂಬಲಿಸುವುದು ಮನುಷ್ಯರಿಗಾಗಿ. ಆಗ ಒಂದರ ಬದಲು ಎರಡು ನಾಯಿಗಳು ಕೂಗುವಂತಾಗಬಹುದು. ಖರ್ಚೂ ಹೆಚ್ಚುತ್ತದೆ.

ಔಷಧಿ

ಆತಂಕ ತೀವ್ರವಾಗಿದ್ದು, ನಾಯಿಯು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ ಅಭ್ಯಾಸವೊಂದೇ ಸಾಲದು. ಫ್ಲೂಆಕ್ಸೆಟಿನ್ ಮತ್ತು ಕ್ಲೋಮಿಪ್ರಮಿನ್ ಎಂಬ ಔಷಧಿಗಳನ್ನು ಈ ತೊಂದರೆಗೆ ಹಲವು ದೇಶಗಳಲ್ಲಿ ಬಳಸಲಾಗುತ್ತಿದೆ. ಇವು ಪರಿಣಾಮ ತೋರಿಸಲು ಕೆಲವು ವಾರಗಳು ಬೇಕು. ಭಯವನ್ನು ತಗ್ಗಿಸಿ ಅಭ್ಯಾಸಕ್ಕೆ ದಾರಿ ಮಾಡಿಕೊಡುವುದಷ್ಟೇ ಇವುಗಳ ಕೆಲಸ. ಅಭ್ಯಾಸದ ಬದಲಿಗೆ ಇವನ್ನು ಕೊಡುವಂತಿಲ್ಲ. ನಾಯಿಯ ತೂಕ, ವಯಸ್ಸು, ಇತರ ಕಾಯಿಲೆಗಳನ್ನು ನೋಡಿ ಪಶುವೈದ್ಯರೇ ಪ್ರಮಾಣವನ್ನು ನಿರ್ಧರಿಸಬೇಕು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಒಡೆದು ಹಾಕುವುದು ಅಪಾಯಕರ. ಶುರು ಮಾಡಿದ ಔಷಧಿಯನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಕೂಡದು.

ಮನೆ ಬದಲಿಸುವಾಗ

ಹೊಲದ ಗುಡಿಸಲಿನಿಂದ ಊರಿಗೆ ಅಥವಾ ಹಳ್ಳಿಯಿಂದ ಬಳ್ಳಾರಿಗೆ ನಾಯಿಯನ್ನು ತರುವವರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಸಾಮಾನು ಸಾಗಿಸಿದ ದಿನವೇ ನಾಯಿಯನ್ನು ಹೊಸ ಮನೆಯಲ್ಲಿ ಒಂಟಿಯಾಗಿ ಬಿಡಬಾರದು. ಮೊದಲ ವಾರ ಯಾರಾದರೊಬ್ಬರು ಜೊತೆಗಿರಬೇಕು.
2. ಹಳೆಯ ಗೋಣಿಚೀಲ, ಹಳೆಯ ತಟ್ಟೆಗಳನ್ನೇ ತರಬೇಕು. ಹೊಸ ಜಾಗದಲ್ಲಿ ಹಳೆಯ ವಾಸನೆಯು ಧೈರ್ಯ ಕೊಡುತ್ತದೆ.
3. ಊಟ ಮತ್ತು ನಡೆದಾಟದ ಹೊತ್ತನ್ನು ಮೊದಲಿನಂತೆಯೇ ಇಡಬೇಕು.
4. ಕುತ್ತಿಗೆ ಪಟ್ಟಿಗೆ ಮನೆಯವರ ದೂರವಾಣಿ ಸಂಖ್ಯೆ ಕೊರೆದ ಬಿಲ್ಲೆಯನ್ನು ಕಟ್ಟಬೇಕು. ತಪ್ಪಿಸಿಕೊಂಡ ನಾಯಿಯು ಹಳೆಯ ಮನೆಯ ದಿಕ್ಕು ಹಿಡಿದು ಹೋಗುವುದುಂಟು.
5. ಸಾಗಿಸುವ ಮುನ್ನ ರೇಬೀಸ್ ಲಸಿಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹೊಲದ ಕಾವಲು ನಾಯಿಯನ್ನು ಸುಗ್ಗಿಯ ನಂತರವೂ ಹೊಲದಲ್ಲಿಯೇ ಉಳಿಸಬೇಕಾದರೆ ಪಕ್ಕದ ಹೊಲದ ಗುಡಿಸಲಿನವರಿಗೆ ಅದನ್ನು ಮೊದಲೇ ರೂಢಿ ಮಾಡಿಸಬೇಕು. ಕಣದ ಕೆಲಸ ಮುಗಿಯುವ ಮುನ್ನವೇ ಅವರ ಕೈಯಿಂದ ದಿನಕ್ಕೊಮ್ಮೆ ಊಟ ಹಾಕಿಸಬೇಕು. ನಗರದ ಮನೆಯಲ್ಲಿ ಜಾಗವಿಲ್ಲದಿದ್ದರೆ, ಬಯಲಿನ ನಾಯಿಯನ್ನು ಕೋಣೆಯಲ್ಲಿ ಕೂಡುವುದಕ್ಕಿಂತ ಹಳ್ಳಿಯಲ್ಲಿ ಅದನ್ನು ಬಲ್ಲ ನೆಂಟರಿಗೆ ಒಪ್ಪಿಸುವುದೇ ಮೇಲು. ಹಾಗೆ ಒಪ್ಪಿಸುವಾಗಲೂ ಒಂದೆರಡು ದಿನ ಜೊತೆಗಿದ್ದು ಬರಬೇಕು.

ಮರಿಯಿದ್ದಾಗಲೇ ಕಲಿಸುವುದು

ಬಂದ ರೋಗವನ್ನು ಗುಣಪಡಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಸುಲಭ. ಮರಿಯನ್ನು ಎಂಟು ವಾರ ತುಂಬುವವರೆಗೆ ತಾಯಿಯಿಂದ ಅಗಲಿಸಬಾರದು. ಮನೆಗೆ ತಂದ ಮೇಲೆ ಮೊದಲ ರಾತ್ರಿಗಳಲ್ಲಿ ಜನರ ಹತ್ತಿರವೇ ಮಲಗಿಸಬೇಕು. ಅನಂತರ ಹೊಟ್ಟೆ ತುಂಬಿ ನಿದ್ದೆಯ ಮಂಪರಿನಲ್ಲಿರುವಾಗ ಒಂದೆರಡು ನಿಮಿಷ ಬೇರೆ ಕೋಣೆಗೆ ಹೋಗಿ ಬರುವುದನ್ನು ಆರಂಭಿಸಬೇಕು. ಮನೆಯ ಒಬ್ಬರಿಗೇ ಅಂಟಿಕೊಳ್ಳದಂತೆ ಎಲ್ಲರೂ ಸರದಿಯಲ್ಲಿ ಊಟ ಹಾಕಬೇಕು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಮುಂದಿನ ಲಸಿಕೆಗಳನ್ನು ಕೊಡಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಗ್ರಾಮಗಳಲ್ಲಿ “ನಾಯಿ ಹುಚ್ಚಾಗಿ ಆಡುತ್ತಿದೆ” ಎಂಬ ದೂರು ಬಂದಾಗ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಜನರಿದ್ದಾಗಲೂ ಹೀಗೆಯೇ ಆಡುತ್ತದೆಯೇ? ಯಾವಾಗಿನಿಂದ ಶುರುವಾಯಿತು, ಆಗ ಮನೆಯಲ್ಲಿ ಏನು ಬದಲಾವಣೆಯಾಗಿತ್ತು? ಲಸಿಕೆ ಯಾವಾಗ ಹಾಕಿಸಿದ್ದು? ಮೊದಲನೆಯ ಪ್ರಶ್ನೆಗೆ “ಹೌದು” ಎಂದರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. “ಇಲ್ಲ, ನಾವು ಹೋದಾಗ ಮಾತ್ರ” ಎಂದು ಹೇಳಿ, ನಾಯಿ ಉಂಡು ಕುಡಿದು ಚೆನ್ನಾಗಿದ್ದರೆ ಮೇಲೆ ಹೇಳಿದ ಅಭ್ಯಾಸವನ್ನು ತಿಳಿಸಿಕೊಡಬಹುದು.

“ಎತ್ತು, ಎಮ್ಮೆಗಳನ್ನು ನೋಡಿಕೊಳ್ಳುವುದೇ ಸಾಕಾಗಿದೆ, ನಾಯಿಗೂ ಇಷ್ಟೊಂದು ಉಪಚಾರವೇ?” ಎಂದು ರೈತರು ಕೇಳಬಹುದು. ಹಗ್ಗ ಕಡಿದು ಓಡಿದ ನಾಯಿಯಿಂದ ಕಣದ ಕಾವಲು ತಪ್ಪುತ್ತದೆ. ಕಂಗೆಟ್ಟ ನಾಯಿಯು ಬಿಡಿಸಲು ಬಂದ ಮಗುವಿನ ಕೈಗೂ ಬಾಯಿ ಹಾಕೀತು. ಹೊಸ ನಾಯಿಯನ್ನು ತಂದು ಕಾವಲಿಗೆ ಪಳಗಿಸಲು ಒಂದು ವರ್ಷವಾದರೂ ಬೇಕು. ಇವುಗಳಿಗೆ ಹೋಲಿಸಿದರೆ ಆರೆಂಟು ವಾರಗಳ ಅಭ್ಯಾಸ ದೊಡ್ಡ ಹೊರೆಯಲ್ಲ.

ಹೋದವರು ತಿರುಗಿ ಬರುತ್ತಾರೆಂಬ ಒಂದು ಪಾಠವನ್ನು ನಾಯಿಗೆ ಕಲಿಸಿದರೆ ಸಾಕು, ಊಳಿಡುವುದೂ ಕೆರೆಯುವುದೂ ತಾವಾಗಿಯೇ ಕಡಿಮೆಯಾಗುತ್ತವೆ. ಈ ಪಾಠವನ್ನು ಕೋಲು ಕಲಿಸಲಾರದು. ಬಾಗಿಲಾಚೆ ಹತ್ತು ಸೆಕೆಂಡು ನಿಂತು ಹೇಳಿದಂತೆ ಹಿಂದಿರುಗಿ ಬರುವ ಒಡೆಯನೇ ಕಲಿಸಬೇಕು. ಮುಂದಿನ ಕೊಯ್ಲಿಗೆ ಇನ್ನೂ ಸಮಯವಿರುವಾಗಲೇ, ಇಂತಹ ನಾಯಿಯಿರುವ ಪ್ರತಿಯೊಂದು ಮನೆಯವರೂ ಈ ಅಭ್ಯಾಸವನ್ನು ಆರಂಭಿಸುವುದು ಒಳ್ಳೆಯದು.